ಕಾಲೇಜಿನ ರೇಂಜರ್ ದಳ: ಸೇರಬಹುದಾ, ಬೇಡವಾ?

ಡಿಗ್ರಿಗೆ ಬಂದ ಮೇಲೂ ಸ್ಕೌಟ್ಸ್ ಅಂಡ್ ಗೈಡ್ಸ್ ಇರುತ್ತದೆ ಅಂತ ನಮ್ಮ ಬಾಗಲಕೋಟೆಯಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸ್ಕಾರ್ಫ್ ಹಾಕಿಕೊಂಡು ನವನಗರದಲ್ಲಿ ಬಸ್ಸಿಗೆ ನಿಂತರೆ "ಯಾವ ಹೈಸ್ಕೂಲ್ ತಂಗಿ?" ಅಂತ ಕೇಳುತ್ತಾರೆ. ನನ್ನ ಬಿ.ಎಸ್ಸಿ. ಮುಗಿಯುವವರೆಗೂ ಈ ಪ್ರಶ್ನೆ ತಪ್ಪಲಿಲ್ಲ. ಈಗ ಓಣಿಯ ಹುಡುಗಿಯರು, ಅವರಿಗಿಂತ ಜಾಸ್ತಿ ಅವರ ಅವ್ವಂದಿರು, ಬೇರೆ ಪ್ರಶ್ನೆ ಕೇಳುತ್ತಾರೆ. ಕಾಲೇಜಿನಲ್ಲಿ ರೇಂಜರ್ ಅಂತ ಏನೋ ಫಾರ್ಮ್ ಕೊಟ್ಟಿದ್ದಾರೆ, ಸೇರಿಸಬಹುದಾ? ಖರ್ಚೆಷ್ಟು? ನೌಕರಿಗೆ ಉಪಯೋಗ ಉಂಟಾ? ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಮ್ಮೆ ಕೂತು ಬರೆದುಬಿಡುತ್ತೇನೆ.

ಉತ್ತರ ಮೊದಲೇ ಹೇಳುತ್ತೇನೆ. ಸೇರಬಹುದು. ಆದರೆ ಫಾರ್ಮ್ ತುಂಬುವ ಮುಂಚೆ ಆ ದಳದ ಹಿರಿಯ ಹುಡುಗಿಯರ ಲಾಗ್ ಬುಕ್ (ಹೈಕಿನಲ್ಲಿ ಕಂಡದ್ದು, ನಡೆದದ್ದು ಬರೆದಿಡುವ ಪುಸ್ತಕ) ಕೇಳಿ ತೆಗೆದುಕೊಂಡು ಓದಿ. ಯೋಜನೆ ದೇಶದಲ್ಲೆಲ್ಲ ಒಂದೇ. ದಳ ಮಾತ್ರ ಕಾಲೇಜಿಗೊಂದು ಥರ. ಅದು ಯಾವ ಥರದ್ದು ಅಂತ ಬ್ಯಾನರ್ ನೋಡಿದರೆ ಗೊತ್ತಾಗಲ್ಲ, ಫೋಟೊ ನೋಡಿದರೂ ಗೊತ್ತಾಗಲ್ಲ. ಲಾಗ್ ಬುಕ್ಕಿನಲ್ಲಿ ಗೊತ್ತಾಗುತ್ತದೆ.

ಮೊದಲು ಇದೇನು ಅಂತ ಬೇಗ ಹೇಳಿ ಮುಂದೆ ಹೋಗುತ್ತೇನೆ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಚಿಕ್ಕ ಮಕ್ಕಳಿಗೆ ಕಬ್-ಬುಲ್‌ಬುಲ್, ಹೈಸ್ಕೂಲಿನವರಿಗೆ ಸ್ಕೌಟ್-ಗೈಡ್, ಅದಕ್ಕಿಂತ ದೊಡ್ಡವರಿಗೆ ರೋವರ್-ರೇಂಜರ್. ಹುಡುಗರು ರೋವರ್, ಹುಡುಗಿಯರು ರೇಂಜರ್. 25 ವರ್ಷದವರೆಗೆ ಇರಬಹುದು. ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ದೊಡ್ಡ ಹುಡುಗರಿಗಾಗಿ ರೋವರ್ ವಿಭಾಗ ಶುರು ಮಾಡಿದ್ದು 1918ರಲ್ಲಿ. ನಮ್ಮ ದೇಶದಲ್ಲಿ ಬೇರೆ ಬೇರೆಯಾಗಿದ್ದ ಸಂಘಗಳು ಒಂದಾಗಿ ಈಗಿನ ಸಂಸ್ಥೆ ಆಗಿದ್ದು 1950ರ ನವೆಂಬರ್ 7ಕ್ಕೆ. ಗೈಡ್ಸ್‌ನವರು ಮುಂದಿನ ವರ್ಷ ಆಗಸ್ಟ್ 15ಕ್ಕೆ ಬಂದು ಸೇರಿದರು. ಪ್ರತಿ ನವೆಂಬರಿನಲ್ಲಿ ಶಾಲೆಯಲ್ಲಿ ಅಂಟಿಸುತ್ತಿದ್ದ ಪುಟ್ಟ ಧ್ವಜದ ಸ್ಟಿಕ್ಕರ್ ನೆನಪಿದೆಯಲ್ಲ, ಅದು ಈ ದಿನದ್ದೇ.

ಹಂತಗಳು ಹೀಗೆ: ಪ್ರವೇಶ, ಪ್ರವೀಣ, ನಿಪುಣ, ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ಇರಲೇಬೇಕು. ಪರೀಕ್ಷೆಗೆ ಹಿಂದಿನ ರಾತ್ರಿ ಓದಿದ ಹಾಗೆ ಇಲ್ಲಿ ನಡೆಯಲ್ಲ. ಹಾಗಾಗಿ "ಫೈನಲ್ ಇಯರ್‌ನಲ್ಲಿ ಸೇರಿ ರಾಷ್ಟ್ರಪತಿ ಸರ್ಟಿಫಿಕೇಟ್ ತಗೋತೀನಿ" ಅನ್ನುವವರು ದಯವಿಟ್ಟು ಆ ಆಸೆ ಬಿಡಿ. ಮೇಲಿನ ಹಂತ ಮುಟ್ಟಬೇಕಿದ್ದರೆ ಮೊದಲ ಸೆಮಿಸ್ಟರಿನಲ್ಲೇ ಸೇರಬೇಕು.

ಇನ್ನು ನಿಜವಾದ ವಿಷಯ, ಹೈಕ್. ಅಂದರೆ ನಕಾಶೆ ಹಿಡಿದು ನಡೆದೇ ಹೋಗುವ ಪಯಣ.

ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿಂದ ಹಳೆಯ ಕಾಲುದಾರಿ ಇದೆ. ಕಾರಿನಲ್ಲಿ ಹೋಗುವವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಅಗಸ್ತ್ಯತೀರ್ಥ ಕೆರೆಯ ದಂಡೆ ಬಿಟ್ಟು ಮೇಲೆ ಹತ್ತಿದರೆ ಅರಳಿತೀರ್ಥ, ಅಲ್ಲಿಂದ ಮುಂದೆ ಕೆಂಪು ಕಲ್ಲು, ಕುರುಚಲು ಗಿಡ, ಬಿಸಿಲು. ನಮ್ಮ ಲೀಡರ್ ಮೇಡಂ ಕಾಲೇಜಿನಲ್ಲಿ ಗಣಿತ ಹೇಳುವವರು. ನಕಾಶೆ, ದಿಕ್ಸೂಚಿ ನಮ್ಮ ಕೈಗೆ ಕೊಟ್ಟು ತಾವು ಎಲ್ಲರಿಗಿಂತ ಹಿಂದೆ ಹೋಗಿ ನಿಂತರು. "ದಾರಿ ನೀವ ಹುಡುಕ್ರಿ. ತಪ್ಪಿದ್ರೂ ನಾ ಹೇಳಂಗಿಲ್ಲ" ಅಂದರು. ಹೇಳಲೂ ಇಲ್ಲ. ಒಂದು ಕಡೆ ಕುರಿದಾರಿಯನ್ನೇ ಕಾಲುದಾರಿ ಅಂದುಕೊಂಡು ಇಡೀ ದಳ ಒಂದು ಬಂಡೆಯ ಅಂಚಿಗೆ ಹೋಗಿ ನಿಂತಿತು. ಮೇಡಂ ಸುಮ್ನೆ ಕೂತು ನೀರು ಕುಡಿದರು. ಅರ್ಧ ತಾಸು ನಾವು ನಾವೇ ಜಗಳ ಆಡಿ, ಮತ್ತೆ ಹಿಂದೆ ಬಂದು, ದಿಕ್ಸೂಚಿ ಇಟ್ಟು ನೋಡಿ ಸರಿದಾರಿ ಹಿಡಿದೆವು.

ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಂಚಿರುತ್ತದೆ. ಒಬ್ಬಳು ಪ್ರತಿ ತಿರುವಿನಲ್ಲೂ ದಿಕ್ಕು ಬರೆಯಬೇಕು. ಒಬ್ಬಳು ಹೆಜ್ಜೆ ಎಣಿಸಿ ದೂರ ಅಂದಾಜು ಮಾಡಬೇಕು. ಇನ್ನೊಬ್ಬಳಿಗೆ ಹವಾಮಾನ, ಮತ್ತೊಬ್ಬಳಿಗೆ ಖರ್ಚಿನ ಲೆಕ್ಕ. ದಾರಿಯಲ್ಲಿ ಕಂಡದ್ದರ ಚಿತ್ರ ಎಲ್ಲರೂ ಬರೆಯಬೇಕು. ನನಗೆ ಚಿತ್ರ ಬರಲ್ಲ. ಆದರೂ ಕೆರೆಯ ಈಶಾನ್ಯದ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ನೋಡಿ ನಾಲ್ಕು ಅಕ್ಷರ ಬರೆದುಕೊಂಡೆ. ತ್ರಿಪದಿ ಅಂದರೆ ಪಿಯುಸಿಯಲ್ಲಿ ಕಂಠಪಾಠ ಮಾಡಿ ಮರೆತದ್ದು. ಸಾವಿರದ ಮುನ್ನೂರು ವರ್ಷದ ಹಿಂದಿನ ತ್ರಿಪದಿ ನಮ್ಮ ಜಿಲ್ಲೆಯ ಬಂಡೆಯ ಮೇಲೇ ಇದೆ ಅಂತ ಪಾಠ ಓದುವಾಗ ಒಮ್ಮೆಯೂ ತಲೆಗೆ ಹೋಗಿರಲಿಲ್ಲ.

ಮಹಾಕೂಟಕ್ಕೆ ಇಳಿದು ಪುಷ್ಕರಣಿ ನೀರಿಗೆ ಕಾಲು ಬಿಟ್ಟು ಕೂತಾಗ ಬುಟ್ಟಿ ಇಟ್ಟುಕೊಂಡ ಅಜ್ಜಿಯೊಬ್ಬರು ನಮ್ಮ ಅವತಾರ ನೋಡಿ ಕೇಳಿದರು: "ಯವ್ವಾ, ಬಸ್ಸಿನ್ಯಾಗ ಬಂದ್ರ ಆಗತಿದ್ದಿಲ್ಲೇನ?" ಉತ್ತರ ಯಾರ ಹತ್ತಿರವೂ ಇರಲಿಲ್ಲ. ಅವರ ರೊಟ್ಟಿ, ಶೇಂಗಾ ಚಟ್ನಿ ಮಾತ್ರ ಬುಟ್ಟಿ ಖಾಲಿ ಆಗುವವರೆಗೆ ತಿಂದೆವು. (ಖರ್ಚಿನ ಲೆಕ್ಕ ಬರೆಯುತ್ತಿದ್ದವಳು ಅಲ್ಲಿಗೆ ಪೆನ್ನು ಮುಚ್ಚಿದಳು.)

ಇನ್ನೊಂದು ಸಲ ಪಟ್ಟದಕಲ್ಲಿನಲ್ಲಿ ಮಲಪ್ರಭೆಯ ಅಗಲ ಅಳೆಯಲು ಹೇಳಿದರು. ನದಿ ದಾಟಬಾರದು, ಟೇಪ್ ಮುಟ್ಟಬಾರದು. ಆ ದಂಡೆಯ ಒಂದು ಮರಕ್ಕೆ ಸರಿಯಾಗಿ ಎದುರು ಈ ದಂಡೆಯಲ್ಲಿ ಒಂದು ಕೋಲು ನೆಡಬೇಕು. ದಂಡೆಗುಂಟ ನೇರ ನಡೆದು ಎರಡನೇ ಕೋಲು. ಅದೇ ಗೆರೆಯಲ್ಲಿ ಇನ್ನೂ ಅರ್ಧ ದೂರ ಹೋಗಿ ಮೂರನೇ ಕೋಲು. ಅಲ್ಲಿಂದ ನದಿಗೆ ಬೆನ್ನು ಮಾಡಿ ನೇರ ಹಿಂದೆ ಹೋಗುತ್ತಾ ಇದ್ದರೆ ಒಂದು ಜಾಗದಲ್ಲಿ ಎರಡನೇ ಕೋಲು, ಆ ಮರ ಎರಡೂ ಒಂದೇ ಗೆರೆಗೆ ಬರುತ್ತವೆ. ಮೂರನೇ ಕೋಲಿನಿಂದ ಅಲ್ಲಿಗೆ ಎಷ್ಟು ನಡೆದಿರೋ ಅದರ ಎರಡರಷ್ಟು ನದಿಯ ಅಗಲ. ಹತ್ತನೇ ಕ್ಲಾಸಿನ ಸಮರೂಪ ತ್ರಿಭುಜ, ಅಷ್ಟೇ. ಲೆಕ್ಕ ಮುಗಿದ ಮೇಲೆ ಮೇಡಂ ಟೇಪ್ ಹಿಡಿದು ನದಿಗೇ ಇಳಿದರು. ಬೇಸಿಗೆ, ನೀರು ಪಾದ ಮುಚ್ಚುವಷ್ಟೂ ಇರಲಿಲ್ಲ. ನಮ್ಮ ಲೆಕ್ಕ ಹೆಚ್ಚುಕಡಿಮೆ ಹೊಂದಿತು. ಪಕ್ಕದಲ್ಲಿ ದನ ಕಾಯುತ್ತಿದ್ದ ಹುಡುಗ ಮಾತ್ರ, ಮೊದಲೇ ಇಳಿಯಬಹುದಿತ್ತಲ್ಲ ಅನ್ನುವ ಮುಖ ಮಾಡಿದ್ದ.

ಈಗ ಲಾಗ್ ಬುಕ್ ಯಾಕೆ ನೋಡಬೇಕು ಅಂತ ಹೇಳುತ್ತೇನೆ. ಮೇಲಿನ ಹಂತದ ಪರೀಕ್ಷಾ ಶಿಬಿರಕ್ಕೆ ಹೋದಾಗ ಬೇರೆ ಬೇರೆ ಊರಿನ ಹುಡುಗಿಯರು ಲಾಗ್ ಬುಕ್ ತಂದಿರುತ್ತಾರೆ. ರಾತ್ರಿ ಡೇರೆಯಲ್ಲಿ ಒಬ್ಬರದ್ದೊಬ್ಬರು ಓದುವುದೇ ಒಂದು ಮಜಾ. ಒಂದು ಕಾಲೇಜಿನ ಎಲ್ಲ ಹುಡುಗಿಯರ ಪುಸ್ತಕದಲ್ಲೂ ಒಂದೇ ಹೈಕ್, ಒಂದೇ ಚಿತ್ರ, ಹೊರಟ ಸಮಯ ಒಂದೇ, ತಲುಪಿದ ಸಮಯ ಒಂದೇ, "ದಾರಿಯಲ್ಲಿ ನವಿಲು ಕಂಡಿತು" ಅನ್ನುವ ಸಾಲೂ ಒಂದೇ. ಕಾಗುಣಿತದ ತಪ್ಪೂ ಒಂದೇ! ಕೇಳಿದರೆ ಒಬ್ಬಳು ನಕ್ಕು ಹೇಳಿದಳು, ಹೈಕಿಗೆ ಯಾರೂ ಹೋಗೇ ಇಲ್ಲ, ಸೀನಿಯರ್ ಪುಸ್ತಕ ನೋಡಿ ಬರೆದದ್ದು. ಆ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಫೀಸು ಕಟ್ಟಿದ್ದಾರೆ, ಯೂನಿಫಾರ್ಮ್ ಹೊಲಿಸಿದ್ದಾರೆ, ಭಾನುವಾರ ಕಾಲೇಜಿಗೆ ಬಂದು ಮೈದಾನ ಗುಡಿಸಿದ್ದಾರೆ. ಗುಡ್ಡ ಮಾತ್ರ ತೋರಿಸಲಿಲ್ಲ.

ಅದಕ್ಕೇ ಹೇಳಿದ್ದು. ಹಳೆಯ ಲಾಗ್ ಬುಕ್ ಎರಡು ಮೂರು ತೆಗೆದುಕೊಳ್ಳಿ. ಒಂದೇ ಹೈಕಿನ ಬಗ್ಗೆ ಇಬ್ಬರು ಬೇರೆ ಬೇರೆ ಬರೆದಿದ್ದಾರಾ ನೋಡಿ. ಮಳೆ ಬಂತು, ಚಪ್ಪಲಿ ಹರಿಯಿತು, ಅನ್ನ ಸೀದಿತು ಅಂತ ಎಲ್ಲಾದರೂ ಇದೆಯಾ? ಹಾಗಿದ್ದರೆ ಧೈರ್ಯವಾಗಿ ಸೇರಿ. ಎಲ್ಲವೂ ಚೆಂದ, ಎಲ್ಲರೂ ಸಮಯಕ್ಕೆ ಸರಿಯಾಗಿ ತಲುಪಿದರು ಅಂತ ಇದ್ದರೆ ಅನುಮಾನ ಪಡಿ. ಲಾಗ್ ಬುಕ್ ತೋರಿಸುವುದಕ್ಕೇ ಇಲ್ಲ ಅಂದರೆ ಎನ್‌ಎಸ್‌ಎಸ್ ಫಾರ್ಮ್ ತೆಗೆದುಕೊಳ್ಳಿ.

ಸೇವೆಯ ಭಾಗ ಬಗ್ಗೆ ನನಗೆ ದೂರಿಲ್ಲ. ರೋವರ್-ರೇಂಜರ್‌ಗಳ ಧ್ಯೇಯವಾಕ್ಯವೇ "ಸೇವೆ". ನಮಗೆ ಸಿಕ್ಕ ದೊಡ್ಡ ಕೆಲಸ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ. ತೇರಿನ ದಿನದ ಗದ್ದಲ ನೋಡಿದವರಿಗೇ ಗೊತ್ತು. ನಾಟಕ ಕಂಪನಿಗಳ ಮೈಕು, ಬಳೆ ಅಂಗಡಿ, ಎತ್ತಿನ ಬಂಡಿ, ಅದರ ನಡುವೆ ಅವ್ವನ ಕೈ ಬಿಟ್ಟ ಮಕ್ಕಳು. ನಮ್ಮ ಪಾಲಿಗೆ ಕುಡಿಯುವ ನೀರು, ತಪ್ಪಿಸಿಕೊಂಡ ಮಕ್ಕಳು, ತಲೆಸುತ್ತಿ ಬಿದ್ದವರ ಆರೈಕೆ. ಕಳೆದುಹೋದ ಮಗುವಿಗೆ ಮೊದಲು ಹೆಸರು ಕೇಳಬಾರದು, ಪಕ್ಕದಲ್ಲಿ ಕೂರಿಸಿ ಏನಾದರೂ ತಿನ್ನಲು ಕೊಡಬೇಕು ಅಂತ ನಾವು ಕಲಿತದ್ದು ಅಲ್ಲಿ. ಗಾಬರಿಯಾದ ಮಗು ತನ್ನ ಹೆಸರೂ ಹೇಳುವುದಿಲ್ಲ. ತಿಂದ ಮೇಲೆ ಅಪ್ಪನ ಹೆಸರು, ಎಮ್ಮೆಯ ಹೆಸರು ಎಲ್ಲ ಹೇಳುತ್ತದೆ. ಊರಿನ ಹೆಸರು ಮಾತ್ರ "ನಮ್ಮೂರು".

ಗಂಟು, ಕಟ್ಟು ಕಲಿಯುವುದು ಬೋರಾಗುತ್ತದೆ ಅನ್ನುವವರಿದ್ದಾರೆ. ರೀಫ್ ನಾಟ್, ಕ್ಲೋವ್ ಹಿಚ್, ಬೋಲೈನ್. ಕ್ಲಾಸಿನಲ್ಲಿ ಕೂತು ಕಲಿತರೆ ಬೋರೇ. ಡೇರೆ ಕಟ್ಟುವಾಗ ಗಾಳಿ ಬಂದರೆ ಬೋರಾಗಲ್ಲ. ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಬೋಲೈನ್. ಎಷ್ಟೇ ಜಗ್ಗಿದರೂ ಕುಣಿಕೆ ಬಿಗಿಯಾಗಲ್ಲ, ಕೆಲಸ ಮುಗಿದ ಮೇಲೆ ಬಿಚ್ಚಲೂ ಸುಲಭ. ಹಿತ್ತಲಿನ ಆಕಳ ಕೊರಳಿಗೆ ಅಪ್ಪ ಈಗ ಅದನ್ನೇ ಹಾಕುತ್ತಾರೆ, ಯಾರು ಕಲಿಸಿದ್ದು ಅಂತ ಕೇಳಿದರೆ "ನಮ್ಮ ಕಾಲದ್ದ" ಅನ್ನುತ್ತಾರೆ. ಪಾತ್ರೆ ಇಲ್ಲದ ಅಡುಗೆಯೂ ಒಂದು ಪಾಠ. ಬದನೆಕಾಯಿಗೆ ಮಣ್ಣು ಮೆತ್ತಿ ಕೆಂಡದಲ್ಲಿ ಸುಡುವುದು. ಉತ್ತರ ಕರ್ನಾಟಕದ ಹುಡುಗಿಯರಿಗೆ ಇದನ್ನು ಕಲಿಸುವ ಅಗತ್ಯ ಏನಿತ್ತೋ!

ಪ್ರಥಮ ಚಿಕಿತ್ಸೆಗೆ ಮಾತ್ರ ನಾನು ಅಂಕ ಕಡಿಮೆ ಕೊಡುತ್ತೇನೆ. ಮೂಳೆ ಮುರಿದರೆ ಅಲುಗದಂತೆ ಕಟ್ಟುವುದು, ಎರಡು ಕೋಲು ಎರಡು ಅಂಗಿಯಲ್ಲಿ ಸ್ಟ್ರೆಚರ್ ಮಾಡುವುದು, ತ್ರಿಕೋನ ಬಟ್ಟೆಯ ಬ್ಯಾಂಡೇಜು, ಇವೆಲ್ಲ ಚೆನ್ನಾಗಿ ಕಲಿಸಿದರು. ಆದರೆ ಹಾವು ಕಡಿತದ ಪಾಠಕ್ಕೆ ಬಂದ ಒಬ್ಬ ತರಬೇತುದಾರರು ಕಡಿದ ಜಾಗದ ಮೇಲೆ ಬಿಗಿಯಾಗಿ ಹಗ್ಗ ಕಟ್ಟಿ ಅಂತಲೇ ಹೇಳಿಕೊಟ್ಟರು. ಇದು ಹಳೆಯ ಮಾತು. ಈಗ ಡಾಕ್ಟರುಗಳು ಹೇಳುವುದು ಬೇರೆ: ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಲ್ಲಿ ಹೀರಬಾರದು. ಕಡಿದ ಕೈಕಾಲು ಅಲುಗದಂತೆ ಇಟ್ಟು, ಓಡಾಡಿಸದೆ, ವಿಷಕ್ಕೆ ಮದ್ದು ಇರುವ ಆಸ್ಪತ್ರೆಗೆ ಬೇಗ ಕರೆದೊಯ್ಯಬೇಕು. ಕೊಳಕುಮಂಡಲ ಕಡಿದಾಗ ಬಿಗಿದು ಕಟ್ಟಿದರೆ ಅಲ್ಲಿನ ಮಾಂಸ ಇನ್ನೂ ಹಾಳಾಗುತ್ತದೆ. ಕಬ್ಬಿನ ಗದ್ದೆ ಇರುವ ಜಿಲ್ಲೆಯಲ್ಲಿ ಇದನ್ನು ತಪ್ಪು ಕಲಿಸುವ ಹಾಗಿಲ್ಲ. ನಮ್ಮ ಮೇಡಂ ಮುಂದಿನ ವಾರ ಪರಿಚಯದ ಡಾಕ್ಟರೊಬ್ಬರನ್ನು ಕರೆಸಿ ಆ ಪಾಠ ಮತ್ತೆ ಮಾಡಿಸಿದರು. ಎಲ್ಲ ದಳಗಳಲ್ಲೂ ಹೀಗೆ ಮಾಡಿಸುವವರು ಇರುತ್ತಾರೆ ಅಂತ ನಂಬುವುದು ಹೇಗೆ?

ನೌಕರಿ ವಿಷಯಕ್ಕೆ ಬರೋಣ. ಅವ್ವಂದಿರು ಕಾಯುತ್ತಿರುವುದು ಇದಕ್ಕೇ ಅಲ್ವಾ.

ರೈಲ್ವೆಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾ ಇರುವುದು ನಿಜ. ನಮ್ಮ ಭಾಗದವರಿಗೆ ಅಂದರೆ ಹುಬ್ಬಳ್ಳಿಯ ನೈಋತ್ಯ ರೈಲ್ವೆ. ಆದರೆ ಹುದ್ದೆ ಬೆರಳೆಣಿಕೆಯಷ್ಟು. ರಾಷ್ಟ್ರಪತಿ ಪುರಸ್ಕಾರ ಇರಬೇಕು, ಅದಿಲ್ಲದಿದ್ದರೆ ಲೀಡರುಗಳ ತರಬೇತಿಯಾದ ಹಿಮಾಲಯ ವುಡ್ ಬ್ಯಾಡ್ಜ್. ಐದು ವರ್ಷ ಸಕ್ರಿಯ ಸದಸ್ಯರಾಗಿರಬೇಕು. ರಾಷ್ಟ್ರ ಮಟ್ಟದ ಎರಡು, ರಾಜ್ಯ ಮಟ್ಟದ ಎರಡು ಕಾರ್ಯಕ್ರಮಗಳಿಗೆ ಹೋಗಿರಬೇಕು. ಅಂದರೆ ಹೈಸ್ಕೂಲಿನಿಂದಲೇ ಇದರಲ್ಲಿ ಇದ್ದವರಿಗೆ ಅನುಕೂಲ. ಡಿಗ್ರಿಯಲ್ಲಿ ಹೊಸದಾಗಿ ಸೇರಿದವರು ಇದನ್ನೇ ನಂಬಿಕೊಂಡು ಕೂರಬಾರದು. ಸಿಇಟಿಯಲ್ಲೂ ಸ್ಕೌಟ್ಸ್ ಅಂಡ್ ಗೈಡ್ಸ್‌ಗೆ ವಿಶೇಷ ವರ್ಗ ಇದೆ, ಅದು ಪಿಯುಸಿ ಮುಗಿಸುವ ಮಕ್ಕಳಿಗೆ. ನಿಮ್ಮ ಮಗಳು ಡಿಗ್ರಿಗೆ ಬಂದಾಗಿದ್ದರೆ ಆ ಬಸ್ಸು ಹೋಯಿತು. "ರೇಂಜರ್ ಸೇರಿದರೆ ಸರ್ಕಾರಿ ನೌಕರಿ ಗ್ಯಾರಂಟಿ" ಅಂತ ಯಾರಾದರೂ ಹೇಳಿದರೆ ನಗಬೇಡಿ, ಯಾವ ನೌಕರಿ, ಯಾವ ಅಧಿಸೂಚನೆ ಅಂತ ಕೇಳಿ.

ರಾಜ್ಯ ಪುರಸ್ಕಾರದ ಪ್ರಮಾಣಪತ್ರಕ್ಕೆ ರಾಜ್ಯಪಾಲರ ಸಹಿ ಇರುತ್ತದೆ. ನನ್ನದು ಹಾಲ್‌ನಲ್ಲಿ ಅಪ್ಪನ ನಿವೃತ್ತಿ ಫೋಟೊ ಪಕ್ಕ ತೂಗುತ್ತಿದೆ. ಬಂದ ನೆಂಟರಿಗೆಲ್ಲ ಅವ್ವ ತೋರಿಸುತ್ತಾಳೆ. ಕೆಲಸದ ಸಂದರ್ಶನದಲ್ಲಿ ಅದನ್ನು ಯಾರೂ ತಿರುವಿ ನೋಡಲಿಲ್ಲ. ಜಾತ್ರೆಯಲ್ಲಿ ಗದ್ದಲ ನಿಭಾಯಿಸಿದ್ದು ಹೇಗೆ ಅಂತ ಮಾತ್ರ ಬಹಳ ಹೊತ್ತು ಕೇಳಿದರು.

ಎನ್‌ಸಿಸಿ, ಎನ್‌ಎಸ್‌ಎಸ್ ಜೊತೆ ಹೋಲಿಸಿ ಅಂತ ಕೇಳುವವರಿದ್ದಾರೆ. ಸೈನ್ಯ, ಪೊಲೀಸ್ ಕಡೆ ಮನಸ್ಸಿದ್ದರೆ ಎನ್‌ಸಿಸಿಯೇ ಸರಿ, 'ಸಿ' ಸರ್ಟಿಫಿಕೇಟಿನ ಬೆಲೆ ಬೇರೆ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ಒಂದು ಹಳ್ಳಿ ಶಿಬಿರ. ಸರಳ, ಖರ್ಚು ಕಡಿಮೆ. ಗುಡ್ಡ, ಡೇರೆ, ನಕಾಶೆ ಬೇಕು ಅನ್ನುವವರಿಗೆ ರೇಂಜರ್. ಬೆಂಗಳೂರಿನಲ್ಲಿರುವ ನನ್ನ ಕಾಕಾನ ಮಗ ಅವನ ಶಾಲೆಯಲ್ಲಿ ಇನ್ನೊಂದು ಮಾಡಿದ. ಇಂಗ್ಲೆಂಡಿನಲ್ಲಿ 1956ರಲ್ಲಿ ಶುರುವಾದ ಡ್ಯೂಕ್ ಆಫ್ ಎಡಿನ್‌ಬರೊ ಪ್ರಶಸ್ತಿ, ನಮ್ಮಲ್ಲಿ ಇಂಟರ್‌ನ್ಯಾಷನಲ್ ಅವಾರ್ಡ್ ಫಾರ್ ಯಂಗ್ ಪೀಪಲ್ ಅನ್ನುತ್ತಾರೆ. 14ರಿಂದ 24 ವರ್ಷದವರಿಗೆ ಕಂಚು, ಬೆಳ್ಳಿ, ಚಿನ್ನ. ಸೇವೆ, ಒಂದು ಕೌಶಲ, ಆಟ-ವ್ಯಾಯಾಮ, ಒಂದು ಸಾಹಸ ಪಯಣ. ಯೂನಿಫಾರ್ಮ್ ಇಲ್ಲ, ಕವಾಯತು ಇಲ್ಲ. ಕೌಶಲ ಅಂತ ಅವನು ತಬಲಾ ಕಲಿತ! ಚಿನ್ನಕ್ಕೆ ಹೊಸದಾಗಿ ಶುರು ಮಾಡಿದರೆ ಕನಿಷ್ಠ 18 ತಿಂಗಳು ಬೇಕು, ಪಯಣ ನಾಲ್ಕು ದಿನ ಮೂರು ರಾತ್ರಿ. ಅವರವರ ಗುರಿ ಅವರೇ ಹಾಕಿಕೊಳ್ಳುತ್ತಾರೆ. ಈ ಒಂದು ಗುಣ ನಮ್ಮಲ್ಲೂ ಇರಬೇಕಿತ್ತು ಅನ್ನಿಸಿತು. ಆದರೆ ನಮ್ಮ ಕಾಲೇಜಿನಲ್ಲಿ ಅದಿಲ್ಲ, ಇರುವುದು ಇದು.

ಖರ್ಚು ಅಂದರೆ ಮುಖ್ಯವಾಗಿ ಯೂನಿಫಾರ್ಮ್, ಬೂಟು, ಶಿಬಿರದ ಫೀಸು, ಓಡಾಟ. ಯೂನಿಫಾರ್ಮ್ ಬಟ್ಟೆಯ ಬಣ್ಣ ಒಂದು ಛಾಯೆ ಹೆಚ್ಚುಕಡಿಮೆ ಆದರೂ ಶಿಬಿರದಲ್ಲಿ ಮಾತು ಕೇಳಬೇಕಾಗುತ್ತದೆ. ಅಂಗಡಿಗೆ ಹೋಗುವಾಗ ಸೀನಿಯರ್ ಒಬ್ಬರ ಯೂನಿಫಾರ್ಮ್ ಜೊತೆಗೇ ಒಯ್ಯಿರಿ. ಬೂಟಿಗೆ ಹಣ ಉಳಿಸಬೇಡಿ, ಬ್ಯಾಗಿಗೆ ಉಳಿಸಿ. ಸ್ಲೀಪಿಂಗ್ ಬ್ಯಾಗ್ ಬೇಕೇ ಬೇಕು ಅಂತ ಆನ್‌ಲೈನ್‌ನಲ್ಲಿ ಹುಡುಕುವವರಿಗೆ ಹೇಳುತ್ತೇನೆ: ಎರಡು ಸೊಲ್ಲಾಪುರ ಚಾದರ ಸಾಕು. ಒಂದು ಕೆಳಗೆ, ಒಂದು ಮೇಲೆ. ನಮ್ಮ ಕಡೆ ಜನವರಿಯ ಚಳಿ ಅದಕ್ಕಿಂತ ಜಾಸ್ತಿ ಕೇಳುವುದಿಲ್ಲ. ಬೆಳಗಾವಿ ಕಡೆ, ಜಾಂಬೋಟಿ ಕಾಡಿನ ಹತ್ತಿರ ಶಿಬಿರ ಅಂದರೆ ಮಾತ್ರ ಇನ್ನೊಂದು ಹಾಕಿಕೊಳ್ಳಿ.

ದೂರು ಇನ್ನೊಂದಿದೆ, ಹುಡುಗಿಯರಿಗೆ ಇದೇ ದೊಡ್ಡದು. ಶೌಚಾಲಯ. ನಾನು ಹೋದ ಒಂದು ಶಿಬಿರದಲ್ಲಿ ಧ್ವಜಕಂಬ ಇತ್ತು, ಬಿದಿರಿನ ದೊಡ್ಡ ದ್ವಾರ ಇತ್ತು, ಅತಿಥಿಗಳಿಗೆ ಸೋಫಾ ಇತ್ತು. ನೂರಾರು ಹುಡುಗಿಯರಿಗೆ ನಲ್ಲಿಯಲ್ಲಿ ನೀರು ಮಾತ್ರ ಇರಲಿಲ್ಲ. ನಸುಕಿನ ನಾಲ್ಕಕ್ಕೇ ಎದ್ದು ಸಾಲು ನಿಲ್ಲಬೇಕಾಗಿತ್ತು. ತಿಂಗಳ ದಿನಗಳಲ್ಲಿ ಇದ್ದವರ ಪಾಡು ಹೇಳಲೇಬಾರದು. ಎರಡನೇ ದಿನ ನಾವು ರೇಂಜರುಗಳೇ ಸೇರಿ ಕಿರಿಯ ಗೈಡ್ ಮಕ್ಕಳಿಗಾಗಿ ತಗಡು, ತಾಡಪಾಲು ಕಟ್ಟಿ ಮರೆ ಮಾಡಿದೆವು. ಲ್ಯಾಶಿಂಗ್ (ಕೋಲುಗಳನ್ನು ಹಗ್ಗದಿಂದ ಸೇರಿಸಿ ಕಟ್ಟುವುದು) ಅಂದು ಸರಿಯಾಗಿ ಉಪಯೋಗಕ್ಕೆ ಬಂತು, ಆದರೆ ಅದು ನಮ್ಮ ಕೆಲಸ ಆಗಿರಲಿಲ್ಲ. ಶಿಬಿರಕ್ಕೆ ಕಳಿಸುವ ಪಾಲಕರು ಊಟದ ಬಗ್ಗೆ ಕೇಳುತ್ತಾರೆ, ಬಸ್ಸಿನ ಬಗ್ಗೆ ಕೇಳುತ್ತಾರೆ. ನೀರು, ಶೌಚಾಲಯದ ಬಗ್ಗೆ ಕೇಳಲು ನಾಚುತ್ತಾರೆ. ನಾಚಬೇಡಿ, ಫೋನ್ ಮಾಡಿ ಕೇಳಿ.

ಐದಕ್ಕೆ ಎಷ್ಟು ಅಂತ ಕೇಳಿದರೆ ನಮ್ಮ ದಳಕ್ಕೆ ನಾಲ್ಕೂವರೆ, ಶಿಬಿರದ ವ್ಯವಸ್ಥೆಗೆ ಎರಡು. ಹಂತಗಳ ಯೋಜನೆಗೆ ನಾಲ್ಕು. ಸೇರಬೇಡಿ ಅಂತ ನಾನು ಹೇಳುವುದು ಒಂದೇ ಥರದವರಿಗೆ: ಭಾನುವಾರ ಬೆಳಗ್ಗೆ ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ. ಡಿಗ್ರಿ ಮುಗಿದವರಿಗೂ ದಾರಿ ಇದೆ. ಕಾಲೇಜಿಗೆ ಸೇರದ ಮುಕ್ತ ದಳಗಳಲ್ಲಿ 25 ಆಗುವವರೆಗೆ ಇರಬಹುದು. ನಾನೀಗ ಅಂಥ ಒಂದರಲ್ಲಿದ್ದೇನೆ. ಬಾದಾಮಿ-ಮಹಾಕೂಟದ ಹೈಕಿಗೆ ಈ ಸಲ ಕಿರಿಯರನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹುಡುಗಿಯರ ಅವ್ವಂದಿರು ಈಗಾಗಲೇ ಫೋನ್ ಮಾಡಿ ಶೌಚಾಲಯದ ಬಗ್ಗೆ ಕೇಳಿದ್ದಾರೆ.